ಆನೆಲಾಯದ ಗುಮ್ಮಟ ಯಾರ ಧರ್ಮದ್ದು?

ಹಂಪಿಯ ಆನೆಲಾಯದ ಒಂದು ರೇಖಾಚಿತ್ರ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಕಟ್ಟಡದ ಮುಂಭಾಗವನ್ನು ನೇರ ಎದುರಿನಿಂದ ಬರೆದದ್ದು. ಸಾಲಾಗಿ ಹನ್ನೊಂದು ಕಮಾನು ಬಾಗಿಲು. ಮೇಲೆ ಎಡಕ್ಕೆ ಐದು ಗುಮ್ಮಟ, ಬಲಕ್ಕೆ ಐದು, ನಡುವೆ ಮುರಿದುಹೋದ ಮೇಲುಪ್ಪರಿಗೆಯ ಮೋಟು. ಪಠ್ಯಪುಸ್ತಕದಲ್ಲಿ, ಪ್ರವಾಸಿ ಕರಪತ್ರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನಲ್ಲಿ, ಬಟ್ಟೆ ಚೀಲದ ಮೇಲೆ ಕೂಡ ಇದೇ ಚಿತ್ರ. ಅದರ ಅಡಿಯಲ್ಲಿ ಬರುವ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ: ಹಿಂದೂ ಮತ್ತು ಮುಸ್ಲಿಂ ವಾಸ್ತುಶೈಲಿಗಳ ಸಂಗಮ, ಸೌಹಾರ್ದದ ಸಂಕೇತ. ಇದನ್ನು ಒಪ್ಪದವರು ಇನ್ನೊಂದು ಮಾತು ಹೇಳುತ್ತಾರೆ: ಇದೆಲ್ಲ ನಮ್ಮ ಶಿಲ್ಪಶಾಸ್ತ್ರದ ಲೆಕ್ಕದಂತೆಯೇ ಆದದ್ದು, ಗುಮ್ಮಟ ಮೇಲುಮೇಲಿನ ಅಲಂಕಾರ. ಈ ಎರಡು ಪಂಗಡದವರೂ ಜಗಳ ಬಿಟ್ಟು ಒಪ್ಪುವ ಮೂರನೆಯದೊಂದಿದೆ. 1565ರಲ್ಲಿ ಊರು ಹಾಳಾದಾಗ ಸುಲ್ತಾನರ ಸೈನಿಕರು ಗುಮ್ಮಟ ನೋಡಿ ‘ಇದು ನಮ್ಮದೇ’ ಅಂದುಕೊಂಡು ಕೈಬಿಟ್ಟರಂತೆ.

ಈ ಮೂರರಲ್ಲಿ ಒಂದೂ ನನಗೆ ಒಪ್ಪಿಗೆಯಾಗುವುದಿಲ್ಲ. ಮೂರೂ ಹುಟ್ಟಿದ್ದು ಕಟ್ಟಡದಿಂದ ಅಲ್ಲ, ಆ ಒಂದು ಚಿತ್ರದಿಂದ. ಆನೆಯನ್ನು ಮರೆತು ಆಕಾಶದ ಗೆರೆಯನ್ನಷ್ಟೇ ನೋಡಿದರೆ ಹೀಗೇ ಆಗುವುದು.

ಚಿತ್ರದ ಜಾತಿಯನ್ನೇ ಮೊದಲು ನೋಡಬೇಕು. ಒಂದು ಕಟ್ಟಡವನ್ನು ಕಾಗದಕ್ಕೆ ಇಳಿಸುವ ದಾರಿ ಮುಖ್ಯವಾಗಿ ಮೂರು. ನೆಲದ ಮಟ್ಟದಲ್ಲಿ ಅಡ್ಡ ಕೊಯ್ದು ಮೇಲಿನಿಂದ ನೋಡಿದ್ದು ತಳವಿನ್ಯಾಸ. ಬದಿಯಿಂದ ಉದ್ದಕ್ಕೆ ಸೀಳಿ ಒಳಗನ್ನು ತೋರಿಸುವುದು ಸೀಳುನೋಟ. ಮೂರನೆಯದು ಮುಂಭಾಗದ ನೋಟ. ಈ ಮೂರನೆಯದನ್ನು ಜಗತ್ತಿನಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ. ಮನುಷ್ಯನ ಕಣ್ಣಿಗೆ ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು. ಈ ನೋಟದಲ್ಲಿ ಹತ್ತಿರ–ದೂರವೇ ಇಲ್ಲ, ಹನ್ನೊಂದನೇ ಬಾಗಿಲೂ ಮೊದಲನೆಯದರಷ್ಟೇ ದೊಡ್ಡದು. ಹಂಪಿಯಲ್ಲಿ ಆ ಕಟ್ಟಡದ ಬುಡಕ್ಕೆ ಹೋಗಿ ನಿಂತರೆ ಎದುರಾಗುವುದು ಬಾಗಿಲ ಕತ್ತಲೆ. ಗುಮ್ಮಟ ಮೇಲೆಲ್ಲೋ ಹಿಂದಕ್ಕೆ ಸರಿದಿರುತ್ತದೆ. ಕಾಗದದ ಮೇಲಾದರೋ ಗುಮ್ಮಟಗಳೇ ಯಜಮಾನರು.

ಕಾಲಿನ್ ಮೆಕೆಂಜಿ 1799–1800ರ ಹೊತ್ತಿಗೆ ಹಂಪಿಗೆ ಬಂದು ಆ ಪಾಳುನಗರದ ಮೊದಲ ಸರ್ವೆ ನಕ್ಷೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಕಟ್ಟಡಗಳನ್ನು ಹಿಡಿದ. 1980ರಿಂದ ಈಚೆಗೆ ಜಾನ್ ಫ್ರಿಟ್ಸ್, ಜಾರ್ಜ್ ಮಿಚೆಲ್ ಅವರ ತಂಡ ವರ್ಷವರ್ಷವೂ ಬಂದು, ಟೇಪು ಹಿಡಿದು, ಒಂದೊಂದು ಗೋಡೆಯನ್ನೂ ಅಳೆದು ನಕ್ಷೆ ಬರೆಯಿತು. ಈ ಕೊನೆಯವರ ಕೆಲಸದಲ್ಲಿ ತಳವಿನ್ಯಾಸಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿದೆ. ಆದರೆ ನಮ್ಮ ಜನಪ್ರಿಯ ಪುಸ್ತಕಗಳು ಅದನ್ನು ಬಿಟ್ಟು ಮುಂಭಾಗವನ್ನಷ್ಟೇ ಎತ್ತಿಕೊಂಡವು. ತಳವಿನ್ಯಾಸ ನೋಡಲು ಚೆಂದವಿಲ್ಲ ನೋಡಿ.

ಚೆಂದವಿಲ್ಲದ ಆ ನಕ್ಷೆಯನ್ನೇ ಸ್ವಲ್ಪ ಹೊತ್ತು ನೋಡೋಣ. ಉತ್ತರ–ದಕ್ಷಿಣವಾಗಿ ಮಲಗಿದ ಉದ್ದನೆಯ ಕಟ್ಟಡ. ಒಂದರ ಪಕ್ಕಕ್ಕೊಂದು ಚೌಕ ಕೋಣೆ, ದಪ್ಪ ಗೋಡೆ, ಪ್ರತಿ ಕೋಣೆಗೂ ಪಡುವಣಕ್ಕೆ ಒಂದು ದೊಡ್ಡ ಬಾಗಿಲು, ಕೋಣೆಯಿಂದ ಕೋಣೆಗೆ ಆಳು ದಾಟುವಷ್ಟು ಸಣ್ಣ ಕಿಂಡಿ. ನಮ್ಮ ಕಾಫಿ ಸೀಮೆಯ ವಸ್ತಾರೆ, ಆಲ್ದೂರು ಕಡೆಯ ಯಾರಿಗೇ ಇದನ್ನು ತೋರಿಸಿದರೂ ಇದು ಏನೆಂದು ತಕ್ಷಣ ಹೇಳುತ್ತಾರೆ: ಲೈನ್ ಮನೆ. ಕಾಫಿ ತೋಟದ ಆಳುಗಳಿಗೆ ಕಟ್ಟಿಸುವ, ಒಂದೇ ಸೂರಿನ ಕೆಳಗೆ ಒಂದೇ ಅಳತೆಯ ಕೋಣೆಗಳನ್ನು ಪೋಣಿಸಿದ ಅದೇ ಲೆಕ್ಕ. ಬೇಕಾದಷ್ಟು ಉದ್ದಕ್ಕೆ ಬೆಳೆಸಬಹುದು, ನಡುವೆ ಎಲ್ಲಿ ನಿಲ್ಲಿಸಿದರೂ ಕೆಡುವುದಿಲ್ಲ. ಇದರಲ್ಲಿ ಗರ್ಭಗುಡಿಯ ಮಂಡಲವೂ ಇಲ್ಲ, ಮಸೀದಿಯ ದಿಕ್ಕೂ ಇಲ್ಲ. ಇರುವುದು ಹೆಚ್ಚು ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಬೇಕಾದವನ ಹಳೆಯ ವ್ಯವಹಾರಬುದ್ಧಿ.

ನಮ್ಮ ಪಕ್ಕದ ತೋಟದ ರೈಟರೊಬ್ಬರಿಗೆ ಒಮ್ಮೆ ಮುಂಭಾಗದ ಚಿತ್ರ ತೋರಿಸಿದ್ದೆ. ಅವರು ಗುಮ್ಮಟದ ಕಡೆ ನೋಡಲೇ ಇಲ್ಲ. “ಈ ಬಾಗ್ಲಲ್ಲಿ ಸಲಗ ನುಗ್ಗುತ್ತಾ ಸಾರ್? ಒಳಗೆ ತಿರುಗಿಸ್ಕೊಂಡು ಬರೋಕಾಗುತ್ತಾ?” ಎಂದರು. ಈ ಸೀಮೆಯಲ್ಲಿ ಈಗ ಆನೆ ಎಂದರೆ ಉಪಮೆಯಲ್ಲ. ಬೀಟಮ್ಮ ಎಂಬ ಕಾಡಾನೆಯ ಗುಂಪು ಯಾವ ಹಳ್ಳದಲ್ಲಿದೆ ಎಂದು ಬೆಳಗಾಗೆದ್ದು ವಾಟ್ಸ್ಆ್ಯಪ್ ನೋಡಿಕೊಂಡು ಆಳುಗಳನ್ನು ಕೆಲಸಕ್ಕೆ ಬಿಡುವ ಊರು ಇದು. ಮುರಿದ ಬೇಲಿ, ಕಿತ್ತ ಬೈನೆ ಮರ, ಗೇಟಿನ ಕಂಬ ಯಾವ ಎತ್ತರದಲ್ಲಿ ಬಾಗಿದೆ, ಇವೆಲ್ಲ ಆನೆಯ ಅಳತೆಗಳೇ. ಆ ರೈಟರ ಪ್ರಶ್ನೆ ನಾನು ಓದಿದ ಎಷ್ಟೋ ಕಲಾವಿಮರ್ಶೆಗಳಿಗಿಂತ ಕಟ್ಟಡದ ಹತ್ತಿರಕ್ಕೆ ಹೋಗಿತ್ತು.

ಗಂಡಾನೆ ಭುಜದ ಮಟ್ಟಕ್ಕೆ ಒಂಬತ್ತು–ಹತ್ತು ಅಡಿ. ಬೆನ್ನ ಮೇಲೆ ಅಂಬಾರಿಯೋ ಮಾವುತನೋ ಇದ್ದರೆ ಇನ್ನಷ್ಟು. ಅದನ್ನು ಕೋಣೆಯೊಳಕ್ಕೆ ಬಿಟ್ಟರೆ ನಡುವೆ ಕಂಬವಿರಕೂಡದು. ಇದ್ದರೆ ಮೈ ಉಜ್ಜುತ್ತದೆ, ಮದ ಬಂದಾಗ ಕಂಬವನ್ನೇ ಉರುಳಿಸುತ್ತದೆ. ವಿಜಯನಗರದ ಶಿಲ್ಪಿಗೆ ಕರಗತವಾಗಿದ್ದ ವಿದ್ಯೆಯೇ ಕಂಬದ್ದು. ಹಂಪಿಯ ಮಂಟಪಗಳೆಲ್ಲ ಕಂಬಗಳ ಕಾಡು. ಅದಕ್ಕೆ ಕಾರಣ ಸೌಂದರ್ಯಪ್ರಜ್ಞೆ ಮಾತ್ರವಲ್ಲ. ಕಲ್ಲು ಎಷ್ಟು ಭಾರ ಹೇರಿದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಎರಡು ಕಂಬದ ಮೇಲೆ ಕಲ್ಲಿನ ತೊಲೆ ಇಟ್ಟರೆ ಅದರ ಕೆಳಹೊಟ್ಟೆಯಲ್ಲಿ ಎಳೆತ ಹುಟ್ಟುತ್ತದೆ. ತೊಲೆ ಉದ್ದವಾದಷ್ಟೂ ಎಳೆತ ಹೆಚ್ಚಿ ನಡುವೆ ಬಿರಿಯುತ್ತದೆ. ಆದ್ದರಿಂದ ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕು. ದೇವಸ್ಥಾನದಲ್ಲಿ ಅದರಿಂದ ತೊಂದರೆಯಿಲ್ಲ, ಭಕ್ತರು ಕಂಬಗಳ ನಡುವೆ ಹಾದು ಹೋಗುತ್ತಾರೆ. ಆನೆ ಹೋಗುವುದಿಲ್ಲ.

ಕಂಬವಿಲ್ಲದ ಚೌಕವನ್ನು ಮುಚ್ಚಲು ಮುಖ್ಯವಾಗಿ ಎರಡು ದಾರಿ: ಉದ್ದನೆಯ ಮರದ ತೊಲೆ, ಇಲ್ಲವೇ ಕಮಾನಿನ ಮೇಲೆ ಗುಮ್ಮಟ. ಗುಮ್ಮಟದಲ್ಲಿ ಎಳೆತಕ್ಕಿಂತ ಒತ್ತಡವೇ ಜಾಸ್ತಿ. ಕೆತ್ತಿದ ಉದ್ದದ ಕಲ್ಲು ಬೇಡ, ಕಾಡುಗಲ್ಲಿನ ತುಂಡುಗಳನ್ನೇ ಸುಣ್ಣದ ಗಾರೆಯಲ್ಲಿ ಕೂಡಿಸಬಹುದು. ಭಾರ ನಾಲ್ಕು ದಪ್ಪ ಗೋಡೆಗೆ ಇಳಿಯುತ್ತದೆ. ಪಕ್ಕದ ಕೋಣೆಯ ಗುಮ್ಮಟ ಇದರ ತಳ್ಳುವಿಕೆಗೆ ಎದುರು ತಳ್ಳಿ ಸಮ ಮಾಡುತ್ತದೆ. ಸಾಲಿನ ಎರಡು ತುದಿಗಳನ್ನು ಬಿಟ್ಟರೆ ಕೋಣೆಗಳ ನಡುವಣ ಅಡ್ಡಗೋಡೆಗಳಿಗೆ ಬೇರೆ ಆಸರೆ ಬೇಡ. ಅಂದರೆ ಚೌಕ ಕೋಣೆ, ಸಾಲು, ಗುಮ್ಮಟ ಈ ಮೂರೂ ಒಂದನ್ನೊಂದು ಕೇಳಿಕೊಂಡು ಬಂದವು. ಸೀಳುನೋಟದ ಒಂದು ಚಿತ್ರ ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತದೆ. ಅದನ್ನು ಯಾರೂ ಅಚ್ಚುಹಾಕುವುದಿಲ್ಲ.

ಸರಿ, ಗುಮ್ಮಟ ಕಟ್ಟುವ ಕಸುಬು ಸುಲ್ತಾನರ ಕಡೆಯಿಂದ ಬಂತಲ್ಲವೇ ಎಂದು ಕೇಳಬಹುದು. ಹೌದು. ಆದರೆ ಆ ಸುಲ್ತಾನರು ಇದ್ದದ್ದಾದರೂ ಎಲ್ಲಿ? 1347ರಲ್ಲಿ ಬಹಮನಿ ರಾಜ್ಯ ನೆಲೆನಿಂತದ್ದು ಕಲಬುರಗಿಯಲ್ಲಿ, ಆಮೇಲೆ ಬೀದರದಲ್ಲಿ. 1367ರ ಕಲಬುರಗಿ ಜಾಮಿ ಮಸೀದಿಯಲ್ಲಿ ತೆರೆದ ಅಂಗಳವೇ ಇಲ್ಲ. ಇಡೀ ಆವರಣವನ್ನು ಸಾಲುಸಾಲು ಸಣ್ಣ ಗುಮ್ಮಟಗಳಿಂದ ಮುಚ್ಚಿದ್ದಾರೆ. ಚೌಕಗಳನ್ನು ಪೋಣಿಸಿ ಒಂದೊಂದಕ್ಕೂ ಗುಮ್ಮಟ ಹೊದಿಸುವ ಉಪಾಯ ಕನ್ನಡ ನೆಲದಲ್ಲಿ ಆಗಲೇ ರೂಢಿಯಲ್ಲಿತ್ತು. ಕೃಷ್ಣೆಯ ಆಚೆ ಈಚೆ ಎಂದು ರಾಜರು ಬಡಿದಾಡಿದರು. ಗಾರೆ ಕೆಲಸಕ್ಕೆ ಆ ಗಡಿ ಅಷ್ಟು ದೊಡ್ಡದಾಗಿರಲಿಲ್ಲ. ಇದನ್ನು ಹೊರನಾಡಿನ ‘ಪ್ರಭಾವ’ ಎನ್ನುವುದು ಆಚೆ ಬೀದಿಯ ಬಡಗಿಯನ್ನು ಕರೆಸಿದ್ದಕ್ಕೆ ವಿದೇಶಿ ನೆರವು ಎಂದಂತೆ.

ಶೈಲಿಗೆ ಧರ್ಮ ಹಚ್ಚುವವರ ವಾದ ಪೂರ್ತಿ ಕುಸಿಯುವ ಜಾಗ ಹಂಪಿಯಲ್ಲೇ ಇದೆ, ಆನೆಲಾಯದಿಂದ ಬಹಳ ದೂರವಿಲ್ಲ. ಇಮ್ಮಡಿ ದೇವರಾಯನ ಅಧಿಕಾರಿಯಾಗಿದ್ದ ಅಹ್ಮದ್ ಖಾನ್ 1439ರಲ್ಲಿ ಒಂದು ಮಸೀದಿ ಕಟ್ಟಿಸಿದ. ಅದರ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ, ರಾಜನಿಗೆ ಪುಣ್ಯವಾಗಲಿ ಎಂದು ಕಟ್ಟಿಸಿದ್ದು ಎನ್ನುತ್ತದೆ. ಈ ಮಸೀದಿಗೆ ಗುಮ್ಮಟ ಇಲ್ಲ. ಕಂಬ, ತೊಲೆ, ಚಪ್ಪಟೆ ಚಾವಣಿಯ ಮಂಟಪ ಅದು. ಒಳಗೋಡೆಯ ಗೂಡು ನೋಡದಿದ್ದರೆ ಹಂಪಿಯ ನೂರು ಮಂಟಪಗಳಲ್ಲಿ ಇನ್ನೊಂದು ಅಂದುಕೊಂಡು ಮುಂದೆ ಹೋಗುತ್ತೀರಿ. ಪಕ್ಕದಲ್ಲಿರುವ ಗೋರಿಗೆ ಗುಮ್ಮಟ ಇದೆ. ಈಗ ಲೆಕ್ಕ ಹಾಕಿ: ಮುಸಲ್ಮಾನ ಅಧಿಕಾರಿಯ ಪ್ರಾರ್ಥನಾ ಸ್ಥಳಕ್ಕೆ ಗುಮ್ಮಟ ಬೇಡವಾಯಿತು, ಹಿಂದೂ ಅರಸನ ಆನೆಗಳಿಗೆ ಹತ್ತು ಗುಮ್ಮಟ ಬೇಕಾಯಿತು. ಒಂದು ಕಟ್ಟಡದ ಚಾವಣಿ ನೋಡಿ ಕಟ್ಟಿಸಿದವನ ನಂಬಿಕೆ ಹೇಳುತ್ತೇನೆ ಎನ್ನುವವರು ಇಲ್ಲಿ ಎರಡು ಸಲ ಸೋಲುತ್ತಾರೆ.

ಹಾಗಿದ್ದರೆ ಈ ಅಭ್ಯಾಸ ಬಂದದ್ದು ಎಲ್ಲಿಂದ? ಜೇಮ್ಸ್ ಫರ್ಗುಸನ್ 1876ರಲ್ಲಿ ಭಾರತದ ವಾಸ್ತುವಿನ ದೊಡ್ಡ ಇತಿಹಾಸ ಬರೆದ. ಬಂಗಾಳದಲ್ಲಿ ನೀಲಿ ಬೆಳೆಸಿ ದುಡ್ಡು ಮಾಡಿದ್ದ ಆ ಸ್ಕಾಟ್ಲೆಂಡಿನವನು ಕಟ್ಟಡಗಳನ್ನೂ ಬೆಳೆಗಾರನ ಕ್ರಮದಲ್ಲೇ ವಿಂಗಡಿಸಿದ. ಬೌದ್ಧ, ಜೈನ, ದ್ರಾವಿಡ, ಸಾರಸೆನಿಕ್ ಎಂದು ಚೀಲಗಳು. ಅವನ ಶ್ರಮ ದೊಡ್ಡದು, ಕಣ್ಣು ಚುರುಕು, ಅನುಮಾನವಿಲ್ಲ. ಆದರೆ ಆ ಚೀಲಗಳಲ್ಲಿ ಅರ್ಧ ಧರ್ಮದ ಹೆಸರು, ಅರ್ಧ ನಾಡಿನ ಹೆಸರು. ಯಾವ ಚೀಲಕ್ಕೂ ಸೇರದ ಕಟ್ಟಡ ಬಂದಾಗ ‘ಮಿಶ್ರ’ ಎಂಬ ಚೀಟಿ ಬೇಕಾಯಿತು. ನಾವು ಇವತ್ತು ‘ಸಂಗಮ’ ಎಂದು ಹೆಮ್ಮೆಯಿಂದ ಹೇಳುವುದು ಆ ಚೀಟಿಯನ್ನೇ, ಸ್ವಲ್ಪ ಒಳ್ಳೆಯ ಮನಸ್ಸಿನಿಂದ. ಬೆರೆಸುವ ಮೊದಲು ಎರಡು ಬೇರೆ ಬೇರೆ ಇದ್ದವು ಎಂದು ಒಪ್ಪಿಕೊಂಡರೆ ಮಾತ್ರ ಬೆರೆತದ್ದಕ್ಕೆ ಅರ್ಥ. ಸೌಹಾರ್ದದ ಮಾತು ಆಡುವವರು ತಿಳಿಯದೆಯೇ ವಿಭಜನೆಯ ಪಟ್ಟಿಯನ್ನು ಖಾಯಂ ಮಾಡುತ್ತಿದ್ದಾರೆ.

ವಿಜಯನಗರದವರಿಗೆ ಆ ಪಟ್ಟಿ ಗೊತ್ತಿರಲಿಲ್ಲ. ಅವರು ಮಾಡಿಕೊಂಡಿದ್ದ ಭೇದವೇ ಬೇರೆ: ದೇವರ ಮನೆ, ಅರಸನ ಮನೆ. ವಿರೂಪಾಕ್ಷ, ವಿಠ್ಠಲ, ಹಜಾರರಾಮ ಎಲ್ಲೂ ಕಮಾನು–ಗುಮ್ಮಟ ಗುಡಿಯ ಮೂಲ ವಿನ್ಯಾಸಕ್ಕೆ ಬರಲಿಲ್ಲ. ಕಮಲ ಮಹಲು, ಕಾವಲು ಗೋಪುರ, ರಾಣಿಯರ ಸ್ನಾನದ ಮನೆ, ಆನೆಲಾಯ ಇಲ್ಲೆಲ್ಲ ಧಾರಾಳವಾಗಿ ಬಂದವು. ಫಿಲಿಪ್ ವ್ಯಾಗನರ್ 1996ರಲ್ಲಿ ಬರೆದ ಪ್ರಸಿದ್ಧ ಲೇಖನ ಇದನ್ನು ಬಟ್ಟೆಯ ಕಡೆಯಿಂದ ತೋರಿಸಿತು. ವಿಜಯನಗರದ ಅರಸರು ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಹಾಕಿಕೊಂಡರು, ಆಸ್ಥಾನದಲ್ಲಿ ಕುಲಾಯಿ ಟೊಪ್ಪಿಗೆ, ಕಬಾಯಿ ನಿಲುವಂಗಿ ತೊಟ್ಟರು. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಆ ಎತ್ತರದ ಟೊಪ್ಪಿಗೆಯವರು ದೇವರ ಎದುರೇ ಕೈಮುಗಿದು ನಿಂತಿದ್ದಾರೆ. ಆ ಟೊಪ್ಪಿಗೆ ಇಟ್ಟವನ ಧರ್ಮ ಬದಲಾಗಲಿಲ್ಲ. ಪರ್ಷಿಯಾದಿಂದ ದಖ್ಖನಿನವರೆಗೆ ದೊಡ್ಡ ದರ್ಬಾರು ಎಂದರೆ ಹೀಗಿರಬೇಕು ಎಂದು ಎಲ್ಲರೂ ಒಪ್ಪಿದ್ದ ಒಂದು ರೀತಿಯನ್ನು ಅವನೂ ಒಪ್ಪಿದ, ಅಷ್ಟೆ. ಆನೆಲಾಯದ ಗುಮ್ಮಟ ಕಟ್ಟಡಕ್ಕೆ ತೊಡಿಸಿದ ಕುಲಾಯಿ.

ಇದೇ ಮಾತನ್ನು ಬೇರೆ ದೇಶದ ಒಂದು ಲಾಯದಿಂದಲೂ ಪರೀಕ್ಷಿಸಬಹುದು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಅಲ್ಲಿನ ಯುವರಾಜ 1803ರಿಂದ 1808ರವರೆಗೆ ವಿಲಿಯಂ ಪೋರ್ಡನ್ ಎಂಬುವನಿಂದ ತನ್ನ ಕುದುರೆಗಳಿಗೆ ಲಾಯ ಕಟ್ಟಿಸಿದ. ಸುಮಾರು 80 ಅಡಿ ಅಗಲದ ದೊಡ್ಡ ಗುಮ್ಮಟ, ಅದರ ಕೆಳಗೆ ವೃತ್ತಾಕಾರವಾಗಿ ಕುದುರೆಗಳು, ಸುತ್ತ ಕವಲು ಕಮಾನು, ಮೂಲೆಗೆ ಮಿನಾರಿನಂಥ ಕಂಬ. ಪ್ಯಾರಿಸಿನ ಧಾನ್ಯದ ಮಾರುಕಟ್ಟೆಯ ಗುಮ್ಮಟದ ತಂತ್ರವನ್ನೂ ಹಿಂದೂಸ್ತಾನದ ಚಿತ್ರಪುಸ್ತಕಗಳ ರೂಪವನ್ನೂ ಒಟ್ಟಿಗೆ ಇಟ್ಟದ್ದು. ಯುವರಾಜನಿಗಿಂತ ಕುದುರೆಗಳೇ ಒಳ್ಳೆಯ ಮನೆಯಲ್ಲಿವೆ ಎಂದು ಜನ ನಕ್ಕರು. 1867ರಲ್ಲಿ ಅದು ಸಂಗೀತ ಸಭಾಂಗಣವಾಯಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಅದೇ ಗುಮ್ಮಟದ ಕೆಳಗೆ ಮಲಗಿಸಿದ್ದರು. ಈ ಲಾಯವನ್ನು ಕ್ರೈಸ್ತ–ಮುಸ್ಲಿಂ ಸೌಹಾರ್ದದ ಸಂಕೇತ ಎಂದು ಯಾವ ಇಂಗ್ಲಿಷ್ ಪಠ್ಯಪುಸ್ತಕವೂ ಬರೆಯುವುದಿಲ್ಲ. ಶೋಕಿ ಎನ್ನುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಫ್ರಾನ್ಸಿನ ಶಾಂಟಿಯಲ್ಲಿ 1719ರಲ್ಲಿ ಶುರುವಾದ, 240 ಕುದುರೆಗಳ ಅರಮನೆಯಂಥ ಲಾಯವೂ ಇದೇ ಕುಲದ್ದು. ಅದನ್ನು ಕಟ್ಟಿಸಿದ ರಾಜಕುಮಾರ ಮುಂದಿನ ಜನ್ಮದಲ್ಲಿ ತಾನು ಕುದುರೆಯಾಗುತ್ತೇನೆಂದು ನಂಬಿದ್ದನಂತೆ, ಕಥೆ ನಿಜವೋ ಸುಳ್ಳೋ. ಜಗತ್ತಿನ ಎಲ್ಲ ಅರಸರೂ ಲಾಯದ ಮುಂಭಾಗದಲ್ಲಿ ಹಣ ಸುರಿದಿದ್ದಾರೆ. ಲಾಯ ಅತಿಥಿಗೆ ಮೊದಲು ಕಾಣುವ ಖಜಾನೆ.

ಇನ್ನು ಶಾಸ್ತ್ರದ ಪಂಗಡ. ಇವರ ಪಾಲಿಗೆ ಎಡಬಲ ಸಮ ಇದ್ದದ್ದೆಲ್ಲ ವಾಸ್ತುಪುರುಷ, ಹನ್ನೊಂದು ಇದ್ದದ್ದೆಲ್ಲ ಏಕಾದಶರುದ್ರರು. ಆದರೆ ಶಾಸ್ತ್ರ ನಿಜವಾಗಿ ಏನು ಹೇಳುತ್ತದೆ? ಲಾಯದ ಬಗ್ಗೆ ನಮ್ಮಲ್ಲಿ ಬಹಳ ಖಚಿತವಾಗಿ ಮಾತಾಡಿದವನು ಕೌಟಿಲ್ಯ. ಆ ಅರ್ಥಶಾಸ್ತ್ರದ ಓಲೆಗರಿ ಕೈಗೆ ಬಂದದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, 1905ರಲ್ಲಿ; ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರಲ್ಲಿ ಆನೆಯ ಉದ್ದದ ಎರಡರಷ್ಟು ಎತ್ತರ, ಎರಡರಷ್ಟು ಅಗಲದ ಶಾಲೆ ಕಟ್ಟಬೇಕು, ಹೆಣ್ಣಾನೆಗೆ ಪ್ರತ್ಯೇಕ ಜಾಗ ಇರಬೇಕು, ಮುಂದೆ ಚಾಚಿದ ಮೊಗಸಾಲೆ ಇರಬೇಕು, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಬೇಕು ಎಂದಿದೆ. ಕುದುರೆ ಲಾಯದ ವಿಧಿ ಇನ್ನೂ ಸೊಗಸು. ಹೊರಳಾಡಲು ನಡುವೆ ಜಾಗ, ನೆಲಕ್ಕೆ ನಯವಾದ ಹಲಗೆ, ಗಂಜಲ–ಲದ್ದಿ ಹೋಗಲು ದಾರಿ, ಜೊತೆಗೆ ಲಾಯದಲ್ಲಿ ಮಂಗ, ನವಿಲು, ಮುಂಗುಸಿ, ಗಿಳಿ, ಗೊರವಂಕ ಸಾಕಬೇಕು. ಮಂಗ ಕಟ್ಟಿದರೆ ಕುದುರೆಗೆ ರೋಗ ಬರುವುದಿಲ್ಲ ಎಂಬ ನಂಬಿಕೆ ಹಳೆಯದು. ಪಂಚತಂತ್ರದಲ್ಲೂ ರಾಜನ ಕುದುರೆ ಲಾಯಕ್ಕೆ ಬೆಂಕಿ ಬಿದ್ದಾಗ ಸುಟ್ಟ ಕುದುರೆಗಳಿಗೆ ಮಂಗಗಳ ಕೊಬ್ಬೇ ಮದ್ದಾಗುತ್ತದೆ. ರೋಮಿನ ವಿಟ್ರೂವಿಯಸ್ ಕೂಡ ಎತ್ತಿನ ಗೋದಲಿ ಒಲೆಯ ಕಡೆಗೆ, ಪೂರ್ವದ ಕಡೆಗೆ ಇರಲಿ ಎಂದ. ಬೆಂಕಿಯ ಬೆಳಕು ನೋಡುವ ಎತ್ತಿನ ಮೈಕೂದಲು ಒರಟಾಗುವುದಿಲ್ಲವಂತೆ. ಪೂರ್ವದ ಎಳೆಬಿಸಿಲಿಗೆ ಕೊಟ್ಟಿಗೆ ತೆರೆಯಬೇಕೆನ್ನಲು ಶಾಸ್ತ್ರ ಓದಬೇಕಾಗಿಯೂ ಇಲ್ಲ. ಮಲೆನಾಡಿನಲ್ಲಿ ದನ ಕಟ್ಟಿದ ಯಾರಿಗೂ ಅದು ಗೊತ್ತು.

ಹಂಪಿಯ ಆನೆಲಾಯ ಪಶ್ಚಿಮಕ್ಕೆ ಮುಖ ಮಾಡಿದೆ.

ಬಳ್ಳಾರಿ ಸೀಮೆಯ ಮಧ್ಯಾಹ್ನದ ಬಿಸಿಲು ನೇರ ಆ ಬಾಗಿಲುಗಳೊಳಕ್ಕೆ ಇಳಿಯುತ್ತದೆ. ಆನೆಗೆ ಬೆವರು ಸುರಿಸಿ ತಂಪಾಗುವ ದೇಹವಿಲ್ಲ. ಕಿವಿ ಬೀಸಬೇಕು, ನೀರಿಗಿಳಿಯಬೇಕು, ಮೈಗೆ ಮಣ್ಣೆರಚಿಕೊಳ್ಳಬೇಕು. ಸಕ್ರೆಬೈಲು, ದುಬಾರೆ ಬಿಡಾರಗಳಲ್ಲಿ ಇಂದಿಗೂ ಮಾವುತರು, ಕಾವಾಡಿಗಳು ಆನೆಯನ್ನು ಕೋಣೆಯಲ್ಲಿಡುವುದಿಲ್ಲ. ಕಾಲಿಗೆ ಸರಪಳಿ ಹಾಕಿ ಕಾಡಿಗೆ ಬಿಡುತ್ತಾರೆ, ಬೆಳಿಗ್ಗೆ ಹೊಳೆಗಿಳಿಸುತ್ತಾರೆ. ಹಾಗಿದ್ದ ಮೇಲೆ ಶಾಸ್ತ್ರವನ್ನೂ ಆನೆಯ ಆರಾಮವನ್ನೂ ಬದಿಗಿಟ್ಟು ಪಡುವಣಕ್ಕೆ ತಿರುಗಿಸಿದ್ದು ಯಾಕೆ? ನಕ್ಷೆಯನ್ನು ಇನ್ನಷ್ಟು ಅಗಲಕ್ಕೆ ಬಿಡಿಸಿ ನೋಡಿ. ಕಟ್ಟಡದ ಎದುರು ದೊಡ್ಡ ಬಯಲು. ಬಯಲಿನ ಪಡುವಣಕ್ಕೆ ಜನಾನಾ ಆವರಣದ ಎತ್ತರದ ಗೋಡೆ, ಅದರ ಕಾವಲು ಗೋಪುರ. ಬಯಲಿನ ಬಡಗಣ ಅಂಚಿಗೆ ಕಾವಲುಗಾರರ ಮನೆ ಎಂದು ಕರೆಸಿಕೊಳ್ಳುವ ಇನ್ನೊಂದು ಕಮಾನು ಕಟ್ಟಡ. ಅರಮನೆಯ ಜನ ಇದ್ದದ್ದು ಪಡುವಣಕ್ಕೆ. ಲಾಯ ಸೂರ್ಯನಿಗಾಗಿ ಮುಖ ತಿರುಗಿಸಿಲ್ಲ, ನೋಡುವವರಿಗಾಗಿ ತಿರುಗಿಸಿದೆ.

ಅಬ್ದುಲ್ ರಜಾಕ್ 1443ರಲ್ಲಿ ಹೆರಾತಿನ ರಾಯಭಾರಿಯಾಗಿ ಬಂದಾಗ ವಿಜಯನಗರದ ಆನೆಮನೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಂದೊಂದು ಆನೆಗೂ ಪ್ರತ್ಯೇಕ ಕೋಣೆ, ಬಲವಾದ ಗೋಡೆ. ಚಾವಣಿ ಮಾತ್ರ ಗಟ್ಟಿ ಮರದ್ದು. ಕುತ್ತಿಗೆಗೆ, ಬೆನ್ನಿಗೆ ಕಟ್ಟಿದ ಸರಪಳಿಯ ತುದಿಯನ್ನು ಆ ಚಾವಣಿಗೆ ಬಿಗಿಯುತ್ತಿದ್ದರು. ದೊಡ್ಡ ಕಡಾಯಿಯಲ್ಲಿ ಬೆಂದ ಕಿಚಡಿಗೆ ಉಪ್ಪು, ಸಕ್ಕರೆ ಬೆರೆಸಿ, ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುತ್ತಿದ್ದರಂತೆ. ಈ ವರ್ಣನೆಯನ್ನು ನಮ್ಮ ಗೈಡುಗಳು ಗುಮ್ಮಟದ ಕಟ್ಟಡದ ಎದುರೇ ನಿಂತು ಹೇಳುತ್ತಾರೆ, ಒಳಗಿನ ಕೊಂಡಿಯನ್ನೂ ತೋರಿಸುತ್ತಾರೆ. ಆದರೆ ಅವನು ಕಂಡದ್ದು ಮರದ ಚಾವಣಿ. ಇದು ಅದಲ್ಲ. ಹನ್ನೊಂದು ಕೋಣೆ, ಒಂದರಲ್ಲಿ ಎರಡರಂತೆ ನಿಲ್ಲಿಸಿದರೂ ಇಪ್ಪತ್ತೆರಡು ಆನೆ. ಸಾವಿರಕ್ಕೂ ಮಿಕ್ಕಿ ಆನೆಗಳಿದ್ದವೆಂದು ಅದೇ ರಜಾಕ್ ಹೇಳುವ ರಾಜ್ಯದ ಲಾಯ ಇಷ್ಟೇ ಇರಲು ಸಾಧ್ಯವಿಲ್ಲ. ನಿಜವಾದ ಲಾಯಗಳು ಮರದವು, ಅವು ಹೋದವು. ಉಳಿದದ್ದು ಮೆರವಣಿಗೆಯ ದಿನ ಪಟ್ಟದಾನೆಗಳನ್ನು ನಿಲ್ಲಿಸುವ ಮುಖಮಂಟಪ ಎಂಬುದು ನನ್ನ ಊಹೆ. ನಡುವಿನ ಮೇಲುಪ್ಪರಿಗೆಯಲ್ಲಿ ವಾದ್ಯದವರು ಕೂರುತ್ತಿದ್ದರು ಎಂಬ ಮಾತು ಪ್ರಚಲಿತವಿದೆ. ಹಾಗಿದ್ದರೆ ಊಹೆಗೆ ಬಲ ಬಂದಂತೆಯೇ.

ಮರದ್ದು ಹೋಗಿ ಗಾರೆಯದ್ದು ಉಳಿಯಿತು ಎಂಬುದರಿಂದಲೇ ಮೂರನೇ ಕಥೆಯೂ ಬೀಳುತ್ತದೆ. 1565ರ ಯುದ್ಧದ ನಂತರ ಗುಮ್ಮಟ ನೋಡಿ ಬಿಟ್ಟರು ಎನ್ನುವವರು ವಿರೂಪಾಕ್ಷ ಗುಡಿ ಹೇಗೆ ಉಳಿಯಿತು ಎಂದು ಹೇಳಬೇಕಾಗುತ್ತದೆ. ಹಂಪಿಯ ರಾಜಾಂಗಣದಲ್ಲಿ ಅಗೆದಲ್ಲೆಲ್ಲ ಸಿಕ್ಕಿದ್ದು ಅರಮನೆಗಳ ಕಲ್ಲಿನ ಜಗಲಿ, ಕಂಬ ನೆಡುತ್ತಿದ್ದ ಗುಳಿ, ಮೆಟ್ಟಿಲು. ಮೇಲಿನ ಅರಮನೆ ಮರದ್ದಾಗಿತ್ತು. ಬೆಂಕಿಗೆ ಮರ ಉರಿಯುತ್ತದೆ, ಸುಣ್ಣದ ಗಾರೆಯ ಗುಮ್ಮಟ ಉರಿಯುವುದಿಲ್ಲ. ಕೆಡವಬೇಕೆಂದರೆ ಹಾರೆ ಹಿಡಿದು ದಿನಗಟ್ಟಲೆ ದುಡಿಯಬೇಕು. ಲೂಟಿಗೆ ಬಂದವನಿಗೆ ಒಳಗೆ ಸಿಗುವುದು ಲದ್ದಿ. ಇಷ್ಟು ಸರಳ ಕಾರಣ ಇದ್ದಾಗ ಸೈನಿಕರ ಮನಸ್ಸಿನೊಳಗೆ ಇಳಿದು ಧರ್ಮಪ್ರೇಮ ಹುಡುಕುವುದೇಕೆ?

ಹಾಗಾದರೆ ಸಂಕೇತವೇ ಇಲ್ಲವೆ? ಇದೆ, ಬೇಕಾದಷ್ಟಿದೆ. ನನ್ನ ತಕರಾರು ಅದನ್ನು ತಪ್ಪು ಜಾಗದಲ್ಲಿ ಹುಡುಕುವುದರ ಬಗ್ಗೆ. ಚಾವಣಿ ಮುಚ್ಚಲು ಒಂದೇ ಬಗೆಯ ಗುಮ್ಮಟ ಸಾಕಾಗಿತ್ತು, ಹತ್ತೂ ಒಂದೇ ಅಚ್ಚಿನಲ್ಲಿ ಇಳಿಸಿದ್ದರೆ ಖರ್ಚೂ ಕಡಿಮೆ. ಆದರೆ ನಯವಾದ ದುಂಡು ಗುಮ್ಮಟ, ಏಣು ಎದ್ದ ಗುಮ್ಮಟ, ಹನ್ನೆರಡು ಮುಖದ ಗುಮ್ಮಟ ಎಂದು ಬದಲಿಸುತ್ತ ಹೋಗಿ, ಎಡಕ್ಕೆ ಇದ್ದ ಕ್ರಮವನ್ನೇ ಬಲಕ್ಕೆ ಮಗುಚಿ ಇಟ್ಟಿದ್ದಾರೆ. ಎಲ್ಲವೂ ನಡುವಿನ ಎತ್ತರಕ್ಕೆ ನಡೆದು ಬರುತ್ತವೆ. ಇಂಜಿನಿಯರಿನ ಲೆಕ್ಕ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅರಸನ ಮಾತು ಶುರು. ಆ ಮಾತಿನ ಕ್ರಮ ಸುಲ್ತಾನರಿಂದ ಬಂದದ್ದಲ್ಲ. ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆ ನೋಡಿ: ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ, ಮೇಲೆ ಕಾಲಾಳು, ಅದರ ಮೇಲೆ ಕುಣಿಯುವ ಹೆಂಗಸರು. ಅದಕ್ಕೂ ಹಿಂದೆ ನಮ್ಮ ಬೇಲೂರಿನ ಜಗತಿಯ ಮೇಲಿನ ಬುಡದಲ್ಲಿ ಸುಮಾರು 650 ಆನೆಗಳು ಒಂದರಂತೆ ಒಂದಿಲ್ಲದೆ ಸಾಲುಗಟ್ಟಿವೆ. ಬುಡದಲ್ಲಿ ಆನೆ ಇಟ್ಟು ಅದರ ಮೇಲೆ ಲೋಕವನ್ನು ಏರಿಸುವುದು, ಸಾಲಿನ ಒಳಗೇ ಒಂದೊಂದನ್ನೂ ಬೇರೆಯಾಗಿಸುವುದು, ಇದು ಕನ್ನಡ ಶಿಲ್ಪಿಯ ಹಳೆಯ ಚಟ. ಆನೆಲಾಯದ ವೈವಿಧ್ಯದಲ್ಲಿ ನನಗೆ ಕಾಣುವ ನಿಜವಾದ ‘ಶಾಸ್ತ್ರೀಯ’ ಅಂಶ ಅದು. ಅಳತೆಯ ಶ್ಲೋಕದಲ್ಲಿ ಅದು ಸಿಗುವುದಿಲ್ಲ.

ಇಮ್ಮಡಿ ದೇವರಾಯ ‘ಗಜಬೇಂಟೆಕಾರ’ ಎಂದು ಕರೆಸಿಕೊಂಡ, ನಾಣ್ಯದ ಮೇಲೆ ಆನೆ ಒತ್ತಿಸಿದ. ಆನೆ ಹಿಡಿಯುವುದು, ಆನೆ ತೋರಿಸುವುದು ಎರಡೂ ರಾಜತ್ವದ ಮಾತು. ಇಲ್ಲಿ ಸಂಕೇತ ಗುಮ್ಮಟದ ಕೆಳಗೆ ನಿಂತ ಪ್ರಾಣಿ. ಗುಮ್ಮಟ ಅದಕ್ಕೆ ಹಿಡಿದ ಛತ್ರಿ. ಛತ್ರಿಯ ಬಟ್ಟೆ ಎಲ್ಲಿ ನೇಯ್ದದ್ದು ಎಂದು ಮುನ್ನೂರು ಪುಟ ಬರೆದವರು ಕೆಳಗೆ ಯಾರು ನಿಂತಿದ್ದರು ಎಂದು ಕೇಳಲಿಲ್ಲ.

ಒಬ್ಬ ಗೆಳೆಯರು ಇದನ್ನು ಓದಿ, “ಇರಲಿ ಬಿಡಿ ಮಾರಾಯ್ರೆ, ಸೌಹಾರ್ದ ಅಂದ್ರೆ ನಿಮಗೇನು ಕಷ್ಟ? ಈ ಕಾಲದಲ್ಲಿ ಅಷ್ಟಾದರೂ ಹೇಳಲಿ” ಎಂದರು. ಅವರ ಕಳಕಳಿ ನನಗೂ ಇದೆ. ಆದರೆ ಸೌಹಾರ್ದಕ್ಕೆ ಸಾಕ್ಷಿ ಬೇಕೆಂದರೆ ಅಹ್ಮದ್ ಖಾನನ ಕನ್ನಡ ಶಾಸನ ಇದೆ. ರಾಜನ ಪುಣ್ಯಕ್ಕೆ ಮಸೀದಿ ಕಟ್ಟಿಸಿದ ಮನುಷ್ಯನ ಸ್ವಂತ ಮಾತು ಅದು. ಅದರ ಮುಂದೆ ಹೋಗುವ ಪ್ರವಾಸಿ ಬಸ್ಸುಗಳು ಕಡಿಮೆ. ಬಾಯಿಲ್ಲದ ಆನೆಲಾಯದ ಬಾಯಲ್ಲಿ ನಮಗೆ ಬೇಕಾದ ಮಾತು ತುರುಕುವುದಕ್ಕಿಂತ, ಬಾಯಿರುವ ಶಾಸನವನ್ನು ಪಠ್ಯದಲ್ಲಿ ಹಾಕಬಹುದಲ್ಲ. ಗುಮ್ಮಟವೇ ಸೌಹಾರ್ದದ ಸಾಕ್ಷಿ ಎಂದು ಇವತ್ತು ಒಪ್ಪಿಕೊಂಡರೆ, ಗುಮ್ಮಟವಿಲ್ಲದ ಕಟ್ಟಡ ತೋರಿಸಿ ನಾಳೆ ಇನ್ನೊಬ್ಬ ಉಲ್ಟಾ ಸಾಕ್ಷಿ ಹೇಳುತ್ತಾನೆ. ಚಾವಣಿಯಿಂದ ಧರ್ಮ ಓದುವ ಆಟಕ್ಕೆ ಇಳಿದ ಮೇಲೆ ಯಾರು ಗೆಲ್ಲುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ.

ಪಠ್ಯಪುಸ್ತಕ ಸಮಿತಿಯವರಿಗೆ ಒಂದು ಬೇಡಿಕೆ ಮಾತ್ರ ಇಡಬಹುದು. ಮುಂಭಾಗದ ಚಿತ್ರ ಇರಲಿ, ಅದರ ಪಕ್ಕ ತಳವಿನ್ಯಾಸ, ಸೀಳುನೋಟ ಎರಡನ್ನೂ ಹಾಕಿ. ಸೀಳುನೋಟದ ಒಂದು ಕೋಣೆಯಲ್ಲಿ ಅಳತೆಗೆ ಸರಿಯಾಗಿ ಒಂದು ಆನೆ, ಅದರ ಕಾಲ ಬುಡದಲ್ಲಿ ಒಬ್ಬ ಕಾವಾಡಿಯನ್ನು ಬರೆಯಿಸಿ. ದಿಕ್ಸೂಚಿಯ ಮುಳ್ಳನ್ನು ಬಿಡಬೇಡಿ. ಪಶ್ಚಿಮ ಯಾವ ಕಡೆ ಎಂದು ಹುಡುಗರಿಗೆ ಗೊತ್ತಾಗಲಿ. ಪಕ್ಕದ ಕಾವಲುಗಾರರ ಮನೆಯನ್ನೂ ಅದೇ ಹಾಳೆಯಲ್ಲಿ ಸೇರಿಸಿ, ಯಾಕೆಂದರೆ ಆ ಹೆಸರೂ ಯಾರೋ ಮುಂಭಾಗ ನೋಡಿ ಇಟ್ಟದ್ದೇ, ಅದರ ಒಳಗಿನ ಅಂಗಳ, ಜಗಲಿಗಳು ಕಾವಲಿನವರ ವಾಸಕ್ಕೆ ಅಷ್ಟೇನೂ ಹೊಂದುವುದಿಲ್ಲ. ಅಲ್ಲಿ ಕುಸ್ತಿ ನಡೆಯುತ್ತಿತ್ತೋ, ಉಗ್ರಾಣವಿತ್ತೋ, ಆನೆಯ ಸಾಜುಗಳನ್ನು ಇಡುತ್ತಿದ್ದರೋ ಎಂದು ಆರನೇ ಕ್ಲಾಸಿನವರು ನಕ್ಷೆ ನೋಡಿ ಜಗಳವಾಡಲಿ.